ಮೂರು ದಿನ ಕಾದ ಸೀಟು

ಪರೀಕ್ಷೆಯ ಫಲಿತಾಂಶ ಬಂದ ಮರುದಿನ ನಮ್ಮ ಬೀದಿಯವರೆಲ್ಲ ಒಂದೇ ಕಡೆ ಓಡುತ್ತಾರೆ, ಮೂಲೆಯ ಕಂಪ್ಯೂಟರ್ ಅಂಗಡಿಗೆ. ಆ ಅಂಗಡಿಯವನನ್ನು ಮಕ್ಕಳು ಕ್ಲಿಕ್ ಮಾಮ ಎಂದು ಕರೆಯುತ್ತಾರೆ. ಅಪ್ಪ ಅಮ್ಮಂದಿರು ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಕ್ಲಿಕ್ ಮಾಮ ಏನೋ ತುಂಬುತ್ತಾನೆ, ಏನೋ ಒತ್ತುತ್ತಾನೆ, ಒಂದು ಹಾಳೆ ಕೈಗಿಡುತ್ತಾನೆ. ಕಾಲೇಜಿಗೆ ಅರ್ಜಿ ಹಾಕುವುದು ಎಂದರೆ ನಮ್ಮಲ್ಲಿ ಇಷ್ಟೇ.

ನಾನು ಅದೇ ಬೀದಿಯ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಈಗ ಹೇಳುವುದು ನಮ್ಮ ಎದುರು ಮನೆಯವರ ಕಥೆ. ಬರೆಯಿರಿ ಎಂದು ಅವರೇ ಹೇಳಿದ್ದಾರೆ.

ಆ ಮನೆಯ ಅಪ್ಪನಿಗೆ ಗಾಜಿನ ಅಂಗಡಿ. ಕಿಟಕಿಗೆ, ಕಪಾಟಿಗೆ ಗಾಜು ಕೊಯ್ದು ಕೂರಿಸುತ್ತಾರೆ. ನಮಗೆಲ್ಲ ಅವರು ಗಾಜಿನ ಅಣ್ಣ. ಅಮ್ಮ ಹದಿನೆಂಟು ವರ್ಷದಿಂದ ಹಿಟ್ಟಿನ ಗಿರಣಿಯಲ್ಲಿದ್ದಾರೆ. ಆ ಯಂತ್ರದ ಸದ್ದಿಗೆ ಅವರ ಕಿವಿ ಮುಕ್ಕಾಲು ಪಾಲು ಹೋಗಿದೆ. ಆಸ್ಪತ್ರೆಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಯಾರು ಏನೆಂದರು ಎಂದು ಅಮ್ಮನ ಕಿವಿಯ ಹತ್ತಿರ ಬಾಯಿಟ್ಟು ಹೇಳುತ್ತಲೇ ದೊಡ್ಡ ಮಗಳು ಬೆಳೆದಳು. ಅವಳು ಓದಬೇಕು ಎಂದುಕೊಂಡಿದ್ದದ್ದೂ ಅದನ್ನೇ. ಕಿವಿ ಕೇಳದವರಿಗೆ, ಮಾತು ಬಾರದ ಮಕ್ಕಳಿಗೆ ಚಿಕಿತ್ಸೆ ಕೊಡುವ ಪದವಿ. ನಮಗೆ ಹತ್ತಿರದ ಕಾಲೇಜಿನಲ್ಲಿ ಅದಕ್ಕೆ ಇರುವುದೇ ಇಪ್ಪತ್ತು ಸೀಟು. ಅವಳ ಅಂಕಕ್ಕೆ ಸಿಗುವಂತಿತ್ತು.

ಅರ್ಜಿ ಹಾಕಿದ ವಾರದಲ್ಲೇ ಗಾಜಿನ ಅಣ್ಣ ಗ್ರಂಥಾಲಯದ ಕಪಾಟಿಗೆ ಗಾಜು ಕೂರಿಸಲು ಬಂದರು. ಅಳತೆಯ ಟೇಪು ಹಿಡಿಯಲು ಮಗಳೂ ಬಂದಿದ್ದಳು. ನಾನು ಸುಮ್ಮನೆ ಕೇಳಿದೆ.

“ಅಣ್ಣ, ಅರ್ಜಿಯಲ್ಲಿ ಯಾರ ಫೋನ್ ನಂಬರ್ ಕೊಟ್ರಿ?”

“ಕ್ಲಿಕ್ ಮಾಮ ಅವನ್ದೇ ಹಾಕ್ಕೊಂಡ. ನಮ್ಮ ಫೋನಿಗೆ ಬರೋ ಮೆಸೇಜ್ ನೋಡೋಕೆ ನನಗೆಲ್ಲಿ ಪುರುಸೊತ್ತು ಮೇಡಂ?”

“ಸೀಟು ಸಿಕ್ಕಿದ್ರೆ ಸುದ್ದಿ ಬರೋದು ಆ ನಂಬರಿಗೇ ಅಣ್ಣ. ಮೂರೇ ದಿನ ಟೈಮು. ಅಷ್ಟರಲ್ಲಿ ಒಪ್ಪಿಗೆ ಅಂತ ಒತ್ತಲಿಲ್ಲ ಅಂದ್ರೆ ಬೇರೆಯವರಿಗೆ ಕೊಟ್ಬಿಡ್ತಾರೆ. ತಿದ್ದೋಕೆ ಇನ್ನೂ ಒಂದು ವಾರ ಇದೆ. ನಂಬರ್ ಬದಲಾಯಿಸಿ. ಇಲ್ಲೇ ಕಂಪ್ಯೂಟರ್ ಇದೆ, ನಾನೂ ಕೂತ್ಕೋತೀನಿ.”

ಅವರು ನಕ್ಕರು. “ಇಡೀ ಬೀದಿಗೆ ಅವನೇ ತುಂಬೋದು. ಈಗ ಹೋಗಿ ನಿನ್ನ ನಂಬರ್ ತೆಗಿ ಅಂದ್ರೆ ಮುಖಕ್ಕೆ ಹೊಡೆದಂಗಾಗಲ್ವಾ? ಮಗಳು ಓದಿದ್ದಾಳೆ, ಸೀಟು ತಾನಾಗೇ ಬರುತ್ತೆ ಬಿಡಿ.”

ಮಗಳು ಟೇಪಿನ ತುದಿ ಹಿಡಿದುಕೊಂಡೇ ಹೇಳಿದಳು. “ಅಪ್ಪ, ಪಾಸ್‌ವರ್ಡ್ ಕೂಡ ಅವರ ಹತ್ರಾನೇ ಇದೆ. ಅರ್ಜಿ ತುಂಬುವಾಗ ನನ್ನನ್ನ ಹೊರಗೇ ನಿಲ್ಲಿಸಿದ್ರಿ. ಏನೇನು ಹಾಕಿದ್ದಾರೆ ಅಂತ ನಾನು ನೋಡೇ ಇಲ್ಲ.”

“ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕ್ಬೇಡ.”

ಅವಳು ಟೇಪಿನ ತುದಿಯನ್ನು ಕಪಾಟಿನ ಅಂಚಿಗೆ ಒತ್ತಿ ಹಿಡಿದಳು. ನಾನು ಪುಸ್ತಕ ಜೋಡಿಸತೊಡಗಿದೆ. ಇನ್ನೊಂದು ಸಲ ಹೇಳಬಹುದಿತ್ತು, ಅವರ ಮನೆಗೇ ಹೋಗಿ ಹೇಳಬಹುದಿತ್ತು. ಬೇರೆಯವರ ಮನೆ ವಿಷಯ ನನಗೇಕೆ ಎಂದು ಸುಮ್ಮನಾದೆ.

ಒಂದು ತಿಂಗಳು ಹೋಯಿತು. ಅಮ್ಮ ಗಿರಣಿಯಿಂದ ಬಂದವರೇ, ಕೂದಲ ಮೇಲಿನ ಹಿಟ್ಟು ಕೊಡವುವ ಮೊದಲೇ “ಬಂತಾ?” ಎನ್ನುತ್ತಿದ್ದರು. ಮಗಳು ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಎರಡು ಸಲ ಅವಳೇ ಕ್ಲಿಕ್ ಮಾಮನ ಅಂಗಡಿಗೆ ಹೋದಳು. “ಬಂದ್ರೆ ನಾನೇ ಹೇಳಲ್ವೇನಮ್ಮ? ಹೋಗು, ಸಾಲು ದೊಡ್ಡದಿದೆ,” ಎಂದು ಅವನು ತಲೆ ಎತ್ತದೆ ಹೇಳಿದ.

ಒಂದು ಮಧ್ಯಾಹ್ನ ಅವಳು ಏದುಸಿರು ಬಿಡುತ್ತಾ ಗ್ರಂಥಾಲಯಕ್ಕೆ ಬಂದಳು. ಅವಳಿಗಿಂತ ಕಡಿಮೆ ಅಂಕ ಬಂದ ಗೆಳತಿಗೆ ಅದೇ ಕಾಲೇಜಿನಲ್ಲಿ, ಅದೇ ಓದಿಗೆ ಸೀಟು ಸಿಕ್ಕಿತ್ತು. ಎರಡನೇ ಪಟ್ಟಿಯಲ್ಲಿ.

“ಹಾಗಾದ್ರೆ ಮೊದಲನೇ ಪಟ್ಟಿಯಲ್ಲಿ ನಾನಿದ್ನಾ ಆಂಟಿ?”

ಮರುದಿನ ಅಪ್ಪ, ಅಮ್ಮ, ಮಗಳು, ನಾನು, ನಾಲ್ವರೂ ಕಾಲೇಜಿಗೆ ಹೋದೆವು. ಕಿಟಕಿಯ ಮುಂದೆ ಉದ್ದ ಸಾಲು. ಗುಮಾಸ್ತೆ ಅರ್ಜಿ ಸಂಖ್ಯೆ ಹಾಕಿ ನೋಡಿದರು. ಒಳ್ಳೆಯ ಹೆಂಗಸು, ಗದರಲಿಲ್ಲ.

“ಸೀಟು ಕೊಟ್ಟಿದ್ವಲ್ಲ. ಹನ್ನೊಂದನೇ ತಾರೀಖು. ಹದಿನಾಲ್ಕರವರೆಗೂ ಕಾದ್ವಿ. ಉತ್ತರ ಬರ್ಲಿಲ್ಲ, ಮುಂದಿನವರಿಗೆ ಹೋಯ್ತು.”

“ನಮಗೆ ಯಾರೂ ಹೇಳ್ಲಿಲ್ಲ ಮೇಡಂ,” ಎಂದರು ಗಾಜಿನ ಅಣ್ಣ.

“ಮೂರು ಮೆಸೇಜ್ ಹೋಗಿದೆ. ನೋಡಿ, ಈ ನಂಬರಿಗೆ.”

“ಇನ್ನೊಂದು ಸೀಟು...”

“ಇರೋದು ಇಪ್ಪತ್ತೇ. ತುಂಬಿದೆ.”

ಅಮ್ಮ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಮಗಳ ತೋಳು ಜಗ್ಗಿ “ಏನಂತೆ? ಏನಂತೆ?” ಎಂದರು. ಅವಳು ಮೆಲ್ಲಗೆ ಹೇಳಿದಳು. ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು. ಕೇಳಿಸಲಿಲ್ಲ. ಕೊನೆಗೆ ಅವಳು ಅಷ್ಟು ಜನರ ನಡುವೆ ಅಮ್ಮನ ಕಿವಿಗೆ ಬಾಯಿಟ್ಟು ಕೂಗಿದಳು.

“ಸೀಟು ಬಂದಿತ್ತಂತೆ ಅಮ್ಮಾ! ನಾವು ಬರ್ಲಿಲ್ಲ ಅಂತ ಬೇರೆಯವರಿಗೆ ಕೊಟ್ರಂತೆ!”

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಮ್ಮ ಅಳಲಿಲ್ಲ. ಗೇಟಿನ ಹೊರಗೆ ಬಂದ ಮೇಲೆ ಗಂಡನ ಕಡೆ ತಿರುಗಿ ಒಂದೇ ಮಾತು ಹೇಳಿದರು. “ನನಗೆ ಕಿವಿ ಕೇಳಲ್ಲ. ನಿಮಗೇನಾಗಿತ್ತು?”

ಗಾಜಿನ ಅಣ್ಣ ಬಸ್ಸಿನಿಂದ ಇಳಿದವರೇ ನೇರ ಕ್ಲಿಕ್ ಮಾಮನ ಅಂಗಡಿಗೆ ನುಗ್ಗಿ ಅವನ ಕೊರಳಪಟ್ಟಿ ಹಿಡಿದರು. ಅವನು ಬಿಡಿಸಿಕೊಳ್ಳಲಿಲ್ಲ. ಫೋನು ತೆರೆದು ತೋರಿಸಿದ. ಓದದ ಮೆಸೇಜುಗಳು ನಾನೂರಕ್ಕೂ ಹೆಚ್ಚು. ಮಗಳ ಮೂರೂ ಅದರಲ್ಲೇ ಎಲ್ಲೋ ಹೂತುಹೋಗಿದ್ದವು.

“ಅರವತ್ತು ಮಕ್ಕಳದ್ದು ನನ್ನ ನಂಬರಲ್ಲೇ ಇದೆ ಅಣ್ಣ. ಒಬ್ಬನೇ ಎಷ್ಟು ಅಂತ ನೋಡ್ಲಿ? ನಂಬರ್ ಕೊಡಿ ಅಂದಾಗ ನಿನ್ನದೇ ಹಾಕ್ಕೋ ಅಂದಿದ್ದು ನೀವೇ ಅಲ್ವಾ?”

ಅವರ ಕೈ ಸಡಿಲವಾಯಿತು. ನಮ್ಮ ಮುಂದೆ ಆ ದಿನ ಅವರು ಹೇಳಿದ್ದು ಬೇರೆ, ಅವನೇ ಹಾಕಿಕೊಂಡ ಎಂದು. ಮಗಳು ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

ಅಷ್ಟು ಹೊತ್ತಿಗೆ ಬೇರೆ ಕಾಲೇಜುಗಳ ಬಾಗಿಲೂ ಮುಚ್ಚಿತ್ತು. ಆ ವರ್ಷ ಅವಳು ಅಮ್ಮನ ಜೊತೆ ಗಿರಣಿಗೆ ಹೋದಳು, ಕಿವಿಗೆ ಹತ್ತಿ ತುರುಕಿಕೊಂಡು. ಅಪ್ಪನೊಂದಿಗೆ ಊಟಕ್ಕೆ ಕೂರುತ್ತಿದ್ದಳು, ಮಾತಿಲ್ಲ. “ಬೈದುಬಿಡು ಮಗಾ” ಎಂದು ಅಪ್ಪನೇ ಹೇಳಿದರೂ ಇಲ್ಲ.

ಮುಂದಿನ ವರ್ಷ ಅವಳೇ ಗ್ರಂಥಾಲಯದಲ್ಲಿ ಕೂತು ಅರ್ಜಿ ತುಂಬಿದಳು. ಅವಳದೇ ನಂಬರ್, ಅವಳದೇ ಪಾಸ್‌ವರ್ಡ್. ಯಾವ ಕಾಲೇಜು ಮೊದಲು, ಯಾವುದು ಆಮೇಲೆ ಎಂಬ ಪಟ್ಟಿಯನ್ನು ಗಾಜಿನ ಅಣ್ಣ ಅವಳಿಗಾಗಿ ಜೋರಾಗಿ ಓದಿದರು. ಎರಡು ಸಲ ತಪ್ಪು ಸಿಕ್ಕಿತು, ತಿದ್ದಿದಳು. ಒತ್ತುವ ಮೊದಲು “ಸರಿ ಇದೆಯಾ?” ಎಂದು ಅಪ್ಪನೇ ಮಗಳನ್ನು ಕೇಳಿದರು.

ಆದರೆ ಆ ವರ್ಷ ಅಂಕ ಹೆಚ್ಚಿದ್ದವರು ಬಹಳ ಜನ. ಪದವಿಯ ಇಪ್ಪತ್ತು ಸೀಟು ಅವಳ ತನಕ ಬರಲೇ ಇಲ್ಲ. ಬಂದದ್ದು ಎಂಟನೆಯ ಆಯ್ಕೆ, ಒಂದು ಹಗಲು ಪ್ರಯಾಣದ ದೂರದಲ್ಲಿ ಕಿವಿ ಪರೀಕ್ಷೆ ಮಾಡುವ ಎರಡು ವರ್ಷದ ತರಬೇತಿ. ಮೆಸೇಜ್ ಬಂದ ಹತ್ತು ನಿಮಿಷಕ್ಕೆ ಒಪ್ಪಿಗೆ ಒತ್ತಿದಳು.

ಬಸ್ ನಿಲ್ದಾಣದಲ್ಲಿ ಗಾಜಿನ ಅಣ್ಣ ಅವಳ ಚೀಲ ಹಿಡಿದು ನಿಂತಿದ್ದರು. “ನನ್ನ ಮೇಲೆ ಇನ್ನೂ ಕೋಪ ಇದೆಯಾ?” ಎಂದರು.

“ಇದೆ ಅಪ್ಪ. ಕೋಪ ಹೋದಾಗ ನಾನೇ ಹೇಳ್ತೀನಿ,” ಎಂದು ಚೀಲ ತೆಗೆದುಕೊಂಡು ಹತ್ತಿದಳು.

ಅವಳು ಹೋಗಿ ಒಂದೂವರೆ ವರ್ಷವಾಯಿತು. ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಆ ಮಾತನ್ನು ಇನ್ನೂ ಹೇಳಿಲ್ಲ. ಈಗ ಚಿಕ್ಕ ಮಗಳ ಸರದಿ. ಅವಳಿಗೆಂದೇ ಒಂದು ಸಿಮ್ ಬಂದಿದೆ. ಫಲಿತಾಂಶದ ದಿನಗಳಲ್ಲಿ ಗಾಜಿನ ಅಣ್ಣ ಅಂಗಡಿಗೆ ಬೀಗ ಹಾಕಿ ಕ್ಲಿಕ್ ಮಾಮನ ಸಾಲಿನ ಪಕ್ಕ ನಿಲ್ಲುತ್ತಾರೆ. “ಯಾರ ನಂಬರ್ ಕೊಡ್ತಿದ್ದೀರಿ? ಮಗು ಎಲ್ಲಿ, ಒಳಗೆ ಕರ್ಕೊಳ್ಳಿ” ಎನ್ನುತ್ತಾರೆ. ಕೆಲವರು ಕೇಳುತ್ತಾರೆ. ಕೆಲವರು, ಹಿಂದೆ ಅವರೇ ನಕ್ಕಂತೆ, ನಗುತ್ತಾರೆ.

ಇದನ್ನು ಓದುತ್ತಿರುವ ಅಪ್ಪ, ಅಮ್ಮ, ಅಣ್ಣ, ಅಕ್ಕಂದಿರೇ, ನೀವು ನಗಬೇಡಿ. ಅರ್ಜಿ ಯಾರ ಕೈಯಿಂದಾದರೂ ತುಂಬಿಸಿ, ಆದರೆ ಓದುವ ಮಗು ಪಕ್ಕದಲ್ಲೇ ಕೂತು ಪ್ರತಿ ಸಾಲನ್ನೂ ನೋಡಲಿ. ನಂಬರ್ ನಿಮ್ಮ ಮನೆಯದೇ ಇರಲಿ. ಪಾಸ್‌ವರ್ಡ್ ಮಗುವಿನ ಹತ್ತಿರ ಇರಲಿ. ಪಟ್ಟಿ ಬರುವ ತಾರೀಖನ್ನು ಗೋಡೆಯ ಮೇಲೆ ಬರೆದಿಟ್ಟು, ಆ ದಿನ ನೀವೇ ತೆರೆದು ನೋಡಿ. ಗೊತ್ತಾಗದಿದ್ದರೆ ಶಾಲೆಯಲ್ಲಿ ಕೇಳಿ, ಗ್ರಂಥಾಲಯದಲ್ಲಿ ಕೇಳಿ. ನಿಮಗೆ ಗೊತ್ತಿದ್ದರೆ ಪಕ್ಕದ ಮನೆಯವರಿಗೆ ಹೇಳಿ, ಅವರು ಬೇಡವೆಂದರೂ ಇನ್ನೊಂದು ಸಲ ಹೋಗಿ ಹೇಳಿ. ನಾನು ಹೇಳಲಿಲ್ಲ.