ಎರಡು ಪಟ, ನಡುವೆ ಒಂದು ಬಾಟಲಿ

ಲಿಯಾಂಡರ್ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಒಂಬತ್ತು ದಿನವಾಗಿತ್ತು. ಹೆಂಡತಿ ಫಿಲೊಮಿನಾ ಕಪಾಟು ಒರೆಸಲು ಹೋಗಿ ಡಬ್ಬಿ ಎತ್ತಿದಾಗ ಗುಟ್ಟು ರಟ್ಟಾಯಿತು.

"ಏನಿದು ಲಿಯಾಂಡರ್? ಮಾತ್ರೆ ಹಂಗೇ ಇದಾವಲ್ಲ!"

"ಇನ್ನು ಅವು ಬೇಡ ಕಣೇ. ಇದನ್ನ ಕುಡೀತಿದ್ದೀನಿ" ಎಂದು ಆತ ಅಂಚೆಯಲ್ಲಿ ತರಿಸಿದ್ದ ಟಾನಿಕ್ ಬಾಟಲಿ ತೋರಿಸಿದ. ಜೊತೆಗೆ ಬಂದ ಹಾಳೆಯಲ್ಲಿ ಎರಡು ಪಟ. ಎಡಗಡೆ ಜೋಲುಹೊಟ್ಟೆಯ, ಕಂಗೆಟ್ಟ ಮುದುಕ. ಬಲಗಡೆ ಅದೇ ಮುದುಕ, ನೆಟ್ಟಗೆ ನಿಂತು, ಮೊಮ್ಮಗಳನ್ನು ಎತ್ತಿಕೊಂಡು ನಗುತ್ತಿದ್ದಾನೆ.

"ಮಾತ್ರೆ ತಪ್ಪಿಸಿದ್ರೆ ಕಾಲಿಗೇ ಕುತ್ತು ಅಂತ ನರ್ಸಮ್ಮ ಹೇಳಿರಲಿಲ್ವಾ? ಈಗಲೇ ಪಾದ ಜೋಮು ಹಿಡಿಯುತ್ತೆ ಅಂತೀಯ."

"ನರ್ಸು ಬರೀ ಬಾಯಲ್ಲಿ ಹೇಳಿದ್ದು. ಇಲ್ಲಿ ಕಣ್ಣಾರೆ ಕಾಣ್ತಿದೆಯಲ್ಲ!"

ಗ್ಯಾನೆಟ್ ಕೋವ್ ನ್ಯೂಫೌಂಡ್‌ಲ್ಯಾಂಡಿನ ಕಡಲಂಚಿನ ಪುಟ್ಟ ಊರು. ಅಲ್ಲಿ ಮಾತು ಬೇಲಿ ದಾಟಲು ಹೊತ್ತು ಬೇಕಿಲ್ಲ. ಮಾರನೆಯ ಬೆಳಿಗ್ಗೆ ಪಕ್ಕದ ಮನೆಯ ಡಲ್ಸಿ ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ನೇರ ಅಡುಗೆಮನೆಗೇ ಬಂದಳು. ಲಿಯಾಂಡರನ ಜೊತೆ ಶಾಲೆ ಕಲಿತವಳು. ಪಟ್ಟಣದಲ್ಲಿ ಇಪ್ಪತ್ತಾರು ವರ್ಷ ಜಾಹೀರಾತಿನ ಪಟ ತೆಗೆದು ಊರಿಗೆ ಮರಳಿದವಳು.

"ಹಾಗೇ ಕೂತಿರು ಮಾರಾಯ. ಹೊಟ್ಟೆ ಸಡಿಲ ಬಿಡು" ಎಂದು, ಟ್ಯೂಬ್‌ಲೈಟಿನ ಕೆಳಗೆ, ಮಾಸಲು ಬನಿಯನ್ನಿನಲ್ಲೇ ಒಂದು ಪಟ ತೆಗೆದಳು. ಆಮೇಲೆ ಗಡ್ಡ ಬೋಳಿಸಿಕೊಂಡು ಬರಲು ಹೇಳಿದಳು. ನೀಲಿ ಸ್ವೆಟರ್ ಹಾಕಿಸಿ, ಕಿಟಕಿಯ ಬೆಳಕಿಗೆ ಕೊಂಚ ವಾರೆಯಾಗಿ ನಿಲ್ಲಿಸಿದಳು.

"ಉಸಿರು ಎಳ್ಕೋ. ಇನ್ನೂ! ಮೇಷ್ಟ್ರ ಟೋಪಿಯೊಳಗೆ ಮೀನು ಇಟ್ಟವ್ನು ಯಾರು, ಈಗಲಾದ್ರೂ ಒಪ್ಕೋ!"

ಲಿಯಾಂಡರ್ ಗಹಗಹಿಸಿ ನಕ್ಕ. ಡಲ್ಸಿ ಕ್ಲಿಕ್ಕಿಸಿದಳು. ಎಲ್ಲ ಸೇರಿ ಇಪ್ಪತ್ತು ನಿಮಿಷ.

ಆ ಎರಡು ಪಟಗಳನ್ನು ಅವಳು ಅಂಚೆ ಕಚೇರಿಯ ಸೂಚನಾ ಹಲಗೆಗೆ ಅಂಟಿಸಿದಳು. ನಡುವೆ ಒಂದು ಬಾಟಲಿಯ ಪಟ. ಬಾಟಲಿಯಲ್ಲಿ ಇದ್ದದ್ದು ಟರ್ನಿಪ್ ಗಡ್ಡೆ ಬೇಯಿಸಿದ ನೀರು. ಕೆಳಗೆ ಒಂದಕ್ಷರವನ್ನೂ ಬರೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೇ ಎದುರುಮನೆಯ ಸೊಸೆ ಬಂದಳು. "ಲಿಯಾಂಡರ್ ಮಾವ, ಎಷ್ಟು ತಿಂಗಳು ಕುಡಿದ್ರಿ? ನಮ್ಮೆಜಮಾನ್ರಿಗೂ ಬೇಕಿತ್ತು." ಅವಳ ಬೆನ್ನಿಗೇ ದೋಣಿ ರಿಪೇರಿಯ ಸೈಲಸ್.

"ಹತ್ತು ವರ್ಷ ಚಿಕ್ಕವನಾಗಿದ್ದೀಯಲ್ಲೋ! ಆ ಬಾಟಲಿ ಎಲ್ಲಿ ಸಿಗುತ್ತೆ?"

"ನಿನ್ನೆ ಹೆಂಗಿದ್ನೋ ಹಂಗೇ ಇದ್ದೀನಿ ಕಣೋ. ನನ್ನ ನೋಡು!"

"ನೋಡ್ದೆ ಬಿಡಪ್ಪಾ, ಪಟದಲ್ಲಿ" ಅಂದ ಸೈಲಸ್.

ಅವರು ಹೋದ ಮೇಲೆ ಲಿಯಾಂಡರ್ ಬಾಟಲಿಯ ಜೊತೆ ಬಂದಿದ್ದ ತನ್ನ ಹಾಳೆಯನ್ನು ಕಿಟಕಿಯ ಬಳಿ ಹಿಡಿದು ಬಹಳ ಹೊತ್ತು ನೋಡಿದ. "ಇವನಿಗೂ ಯಾರೋ ಗಡ್ಡ ಬೋಳಿಸಿ, ಅಂಗಿ ಬದಲಾಯಿಸಿದ್ದಾರೆ" ಎಂದ ಮೆಲ್ಲಗೆ.

"ಅವನು ಯಾರೋ, ಅದನ್ನ ಕುಡಿದ್ನೋ ಇಲ್ವೋ, ಯಾರಿಗೆ ಗೊತ್ತು?" ಅಂದಳು ಅಷ್ಟರಲ್ಲಿ ಮತ್ತೆ ಒಳಗೆ ಬಂದಿದ್ದ ಡಲ್ಸಿ. "ಎರಡು ಪಟ ಪಕ್ಕಪಕ್ಕ ಇಟ್ರೆ ಸಾಕು, ನಡುವಿನ ಕಥೆ ನಾವೇ ಕಟ್ಕೊಳ್ತೀವಿ. ಇಪ್ಪತ್ತಾರು ವರ್ಷ ನಾನು ಉಂಡಿದ್ದು ಆ ಅನ್ನಾನೇ. ನಿನ್ನ ಮನಸ್ಸು ಸೆಳೆದಿದ್ದು ಬಾಟಲಿ ಅಲ್ಲ, ಆ ಮೊಮ್ಮಗಳು."

"ನಮ್ಮ ಮೊಮ್ಮಗಳೂ ಮೇ ತಿಂಗಳಲ್ಲಿ ಬರ್ತಾಳೆ. ಹಂಗೇ ಎತ್ಕೊಳ್ಬೇಕು ಅಂತಿತ್ತು" ಎಂದ ಲಿಯಾಂಡರ್.

"ಹಂಗಾದ್ರೆ ಎದ್ದು ನರ್ಸಮ್ಮನ ಹತ್ರ ನಡಿ" ಎಂದು ಫಿಲೊಮಿನಾ ಕೋಟು ತಂದುಕೊಟ್ಟಳು.

ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಏರಿತ್ತು. ನರ್ಸಮ್ಮ ಪಾದ ಪರೀಕ್ಷಿಸಿ, ಚೆನ್ನಾಗಿ ಬೈದು, ಅಂದೇ ಮಾತ್ರೆ ಶುರುಮಾಡಿಸಿದರು. ಬರುವ ದಾರಿಯಲ್ಲಿ ಲಿಯಾಂಡರ್ ಅಂಚೆ ಕಚೇರಿಗೆ ಹೋಗಿ ಪಟಗಳ ಕೆಳಗೆ ದಪ್ಪಕ್ಷರದಲ್ಲಿ ಬರೆದ: "ಎರಡೂ ಒಂದೇ ಬೆಳಿಗ್ಗೆ ತೆಗೆದದ್ದು. ಬಾಟಲಿಯಲ್ಲಿ ಗಡ್ಡೆ ನೀರು. ಅದನ್ನು ನಾನು ಕುಡಿದೂ ಇಲ್ಲ."

ಊರೆಲ್ಲ ನಕ್ಕಿತು. ಸೈಲಸ್ ಎಲ್ಲರಿಗಿಂತ ಜೋರಾಗಿ ನಕ್ಕ. ಗಡ್ಡೆ ನೀರು ಫಿಲೊಮಿನಾಳ ಸಾರಿಗೆ ಸೇರಿತು. ಮೂರು ವಾರದಲ್ಲಿ ಸಕ್ಕರೆ ಹಿಡಿತಕ್ಕೆ ಬಂತು.

ಅಕ್ಕ, ಅಣ್ಣ, ನಿಮ್ಮ ಫೋನಿಗೂ ಇವತ್ತು ಇಂಥದ್ದೊಂದು ಪಟ ಬಂದಿರಬಹುದು. ನಂಬುವ ಮೊದಲು ಒಂದು ಗಳಿಗೆ ನಿಲ್ಲಿ. ಬೆಳಕು ಬದಲಾಗಿದೆಯೇ? ಬಟ್ಟೆ, ನಿಲುವು ಬದಲಾಗಿದೆಯೇ? ತೋರಿಸುತ್ತಿರುವವರು ಯಾರು? ನಿಮ್ಮ ಯಾವ ಆಸೆಗೆ ಗಾಳ ಹಾಕುತ್ತಿದ್ದಾರೆ? ಡಾಕ್ಟರನ್ನು ಕೇಳದೆ ಮಾತ್ರೆಯನ್ನಂತೂ ಬಿಡಬೇಡಿ. ಪಟದವನು ಏನೇ ಆದರೂ ನಗುತ್ತಲೇ ಇರುತ್ತಾನೆ, ನೋವು ತಿನ್ನುವುದು ನಿಮ್ಮ ದೇಹ.