ಜೊಯಾನ್ ತುಂಬಿಸಿದ ನೀರು

ಇಂಡಿಯಾನಾದ ಬೆಡ್‌ಫರ್ಡ್ ಕಡೆಯದು ಸುಣ್ಣಕಲ್ಲಿನ ನೆಲ, ನಲ್ಲಿಯಲ್ಲಿ ಬರುವುದೂ ಅದರ ಗಡಸು ನೀರೇ. ಅದಕ್ಕೇ ಜೊಯಾನ್ ತನ್ನ ನಾಲ್ಕು ಏಂಜೆಲ್ ಮೀನುಗಳಿಗೆಂದು ಪೀಪಾಯಿಯಲ್ಲಿ ಮಳೆನೀರು ಹಿಡಿದಿಟ್ಟು, ನಲ್ಲಿ ನೀರಿಗೆ ಬೆರೆಸಿ, ಹುಳಿ-ಕ್ಷಾರದ ಅಳತೆ ಪಿಎಚ್ ನೋಡಿಯೇ ಗಾಜಿನ ತೊಟ್ಟಿಗೆ ಸುರಿಯುತ್ತಿದ್ದಳು. ಗಂಡ ಡೆಲ್ಮರ್ ಕಲ್ಲುಗಣಿಯಿಂದ ಬಂದು, "ನನ್ನ ಕಾಫಿಗೂ ಇಷ್ಟು ಉಪಚಾರ ಇಲ್ವಲ್ಲೇ!" ಎಂದು ರೇಗಿಸುತ್ತಿದ್ದ.

ಮಾರ್ಚಿನಲ್ಲಿ ಆಕೆ ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡಳು. ಹಿಂದಿನ ದಿನವಷ್ಟೇ ತೊಟ್ಟಿಯ ನೀರು ಬದಲಿಸಿದ್ದಳು. ಅದನ್ನು ಚೆಲ್ಲಲು ಡೆಲ್ಮರನಿಗೆ ಕೈ ಬರಲಿಲ್ಲ. ಆರಿಹೋದಷ್ಟನ್ನು ಮಾತ್ರ ಮಳೆನೀರಿನಿಂದ ತುಂಬಿಸುತ್ತಿದ್ದ. ಬೇಸಿಗೆ ಕಳೆಯುವ ಹೊತ್ತಿಗೆ ನೀರು ಕಂದಾಗಿ, ಒಳಗೊಳಗೇ ಹುಳಿಯಾಗಿತ್ತು. ಮೀನುಗಳು ಮೆಲ್ಲಮೆಲ್ಲನೆ ಅದಕ್ಕೇ ಒಗ್ಗಿಕೊಂಡವು. ಸಂಜೆ ಅವನು ಕುರ್ಚಿ ಎಳೆದು ಕೂತರೆ ನಾಲ್ಕೂ ಗಾಜಿನ ಬಳಿ ಬರುತ್ತಿದ್ದವು.

ಅಕ್ಟೋಬರಿನಲ್ಲಿ ಅವನ ಅಕ್ಕ ನೇಡೀನ್ ಬಂದಳು. ಡೆಲ್ಮರ್ ಕೆಲಸಕ್ಕೆ ಹೋದಾಗ ಮನೆ ಗುಡಿಸಿ, ಬಟ್ಟೆ ಒಗೆದು, ಕೊನೆಗೆ ಆ ಕಂದು ನೀರು ನೋಡಿ ಮರುಗಿ, ಅಷ್ಟನ್ನೂ ಹೊರಗೆ ಚೆಲ್ಲಿ ನಲ್ಲಿಯ ನೀರು ತುಂಬಿಸಿದಳು.

ಡೆಲ್ಮರ್ ಮನೆಗೆ ಬಂದಾಗ ತೊಟ್ಟಿ ಫಳಫಳ ಹೊಳೆಯುತ್ತಿತ್ತು. ಮೂರು ಮೀನು ಮಗ್ಗುಲಾಗಿ ತೇಲುತ್ತಿದ್ದವು. ಒಂದು ಇನ್ನೂ ಕಿವಿರು ಆಡಿಸುತ್ತಿತ್ತು.

"ಬೆಳಗ್ಗೆ ಚೆನ್ನಾಗೇ ಇದ್ವು ಕಣೋ. ಏನಾಯ್ತೋ ಇವಕ್ಕೆ?"

"ನೀರೆಲ್ಲ ಚೆಲ್ಲಿಬಿಟ್ಯಾ ಅಕ್ಕಾ?"

"ಅಷ್ಟು ಗಲೀಜಾಗಿತ್ತು..." ನೇಡೀನಳ ದನಿ ಇಳಿಯಿತು. "ನಾನೇ ಕೊಂದ್ನೇನೋ, ಡೆಲ್?"

ಡೆಲ್ಮರ್ ಪೀಪಾಯಿಯ ನೀರು ತಂದು ಬಕೆಟ್ಟಿನಲ್ಲಿ ನಲ್ಲಿ ನೀರಿಗೆ ಬೆರೆಸಿ, ಉಳಿದ ಮೀನನ್ನು ಬೊಗಸೆಯಲ್ಲಿ ಎತ್ತಿ ಬಿಟ್ಟ. ಅದು ಒಮ್ಮೆ ಬಾಲ ಬಡಿದು ಸುಮ್ಮನಾಯಿತು, ಕಿವಿರೂ ನಿಂತಿತು.

"ಸ್ವಲ್ಪಸ್ವಲ್ಪವಾಗಿ ಬದಲಾಯಿಸ್ಬೇಕಿತ್ತು," ಎಂದ ಡೆಲ್ಮರ್. "ಒಂದೇ ಸಲಕ್ಕೆ ತಡ್ಕೊಳಲ್ಲ ಅವು. ನಾನಾದ್ರೂ ಮೊದಲೇ ಮಾಡ್ಬಹುದಿತ್ತು. ಅವಳು ತುಂಬಿಸಿದ ನೀರು ಅಂತ..."

"ಒಂದ್ಮಾತು ಹೇಳ್ಬಾರ್ದಿತ್ತೇನೋ?"

"ನೀನು ನಗ್ತೀಯ ಅಂದ್ಕೊಂಡೆ."

"ನಗ್ತಿರ್ಲಿಲ್ಲ ಕಣೋ, ನನ್ನಪ್ಪಾ."

ಹೆಂಡತಿಯನ್ನು ಮಣ್ಣು ಮಾಡಿದ ದಿನ ಬಂಡೆಯಂತೆ ನಿಂತಿದ್ದವನು, ಒದ್ದೆ ತೋಳಿನಲ್ಲೇ ಅಕ್ಕನ ಹೆಗಲಿಗೆ ಮುಖ ಒತ್ತಿ ಬಿಕ್ಕಿಬಿಕ್ಕಿ ಅತ್ತ. ಅವಳೂ ಅತ್ತಳು.

ಚಳಿಗಾಲ ಕಳೆಯುವವರೆಗೂ ನೇಡೀನ್ ಅಲ್ಲೇ ಉಳಿದಳು. ಹೊಸ ಮೀನು ತರುವ ಮಾತನ್ನು ಇಬ್ಬರೂ ಎತ್ತಲಿಲ್ಲ.