ಬೆರಳಿನ ಬಿಸಿ

ನಾನು ಒಂದು ಪುಟ್ಟ ಯಂತ್ರ. ಅಂಗೈಯಗಲದ ಮೈ, ಒಂದು ತಂತಿ, ಅದರ ತುದಿಗೆ ಬೆರಳು ಕಚ್ಚಿಕೊಳ್ಳುವ ಬಾಯಿ. ಮನುಷ್ಯ ಹೆದರಿದರೆ ಬೆರಳು ತಣ್ಣಗಾಗುತ್ತದೆ, ಮನಸ್ಸು ಹಗುರಾದರೆ ಬೆಚ್ಚಗಾಗುತ್ತದೆ. ಆ ಬಿಸಿಯನ್ನು ಅಂಕಿಯಾಗಿ ತೋರಿಸುವುದು ನನ್ನ ಕೆಲಸ. ಅಂಕಿ ನೋಡುತ್ತ ನಿಧಾನವಾಗಿ ಉಸಿರಾಡಿ, ಬೆರಳನ್ನು ತಾವೇ ಬೆಚ್ಚಗೆ ಮಾಡಿಕೊಳ್ಳಲು ರೋಗಿಗಳು ಕಲಿಯುತ್ತಾರೆ. ಕಾರ್ಖಾನೆಯಿಂದ ಹೊರಬಿದ್ದ ದಿನದಿಂದಲೂ ನನಗೆ ಯಾರ ಮಾತಿನ ಮೇಲೂ ನಂಬಿಕೆಯಿಲ್ಲ.

ನನ್ನ ಮೊದಲ ಯಜಮಾನ ಬೆಳಗಾವಿಯ ಒಬ್ಬ ಮನೋರೋಗದ ಡಾಕ್ಟರ್. ಅಲ್ಲಿಗೆ ಬರುತ್ತಿದ್ದ ವಕೀಲರೊಬ್ಬರು "ನನಗೇನೂ ಆಗಿಲ್ರೀ, ಮನಿಯವರ ಕಾಟಕ್ಕ ಬಂದೇನಿ" ಎಂದು ನಗುತ್ತಿದ್ದರು. ಬೆರಳು ಮಾತ್ರ ಮಂಜುಗಡ್ಡೆ! ಇಂಥವರನ್ನು ಕಂಡು ಕಂಡು ನನ್ನ ಅನುಮಾನ ಕೊಬ್ಬಿತು.

ಡಾಕ್ಟರ್ ನಿವೃತ್ತರಾದಾಗ ನನ್ನನ್ನು ತಮ್ಮ ಶಿಷ್ಯೆ ವಿಜಯಾ ಕಡಕೋಳ ಎಂಬಾಕೆಗೆ ಕೊಟ್ಟರು. ಆಕೆ ರೋಗಿಗಳನ್ನು ನೋಡುವ ಕೋಣೆ ಹುಬ್ಬಳ್ಳಿಯ ಒಂದು ಖಾನಾವಳಿಯ ಮಹಡಿ ಮೇಲೆ. ಕೆಳಗೆ ದಿನವಿಡೀ ರೊಟ್ಟಿ ಬಡಿಯುವ ಸದ್ದು.

ಒಂದು ಮಧ್ಯಾಹ್ನ ಆ ಖಾನಾವಳಿ ನಡೆಸುವ ಅಡಿವೆಪ್ಪ ತನ್ನ ಹೆಂಡತಿ ಶಿವಗಂಗವ್ವನನ್ನು ಮೇಲೆ ಕರೆತಂದ.

"ಒಮ್ಮಿಂದೊಮ್ಮೆಲೆ ಎದಿ ಹೊಡ್ಕೋತೈತ್ರಿ ಅಕ್ಕಾರ. ಉಸಿರು ಸಿಗೂದಿಲ್ಲ. ಸತ್ತ ಹೊಕ್ಕೀನಿ ಅನಸ್ತೈತಿ" ಎಂದಳು ಆಕೆ. ಉಗುರಿನ ಸಂದಿಯಲ್ಲಿ ಇನ್ನೂ ಜೋಳದ ಹಿಟ್ಟಿತ್ತು.

ಬೆರಳು ಕಚ್ಚಿದೆ. ಮೂವತ್ತೈದು ಡಿಗ್ರಿ! ಧ್ಯಾನಕ್ಕೆ ಕೂತ ಸ್ವಾಮಿಗಳಿಗೂ ಇಷ್ಟು ಸಲೀಸಾಗಿ ಬರುವ ಅಂಕಿಯಲ್ಲ. ಭಲೇ ನಾಟಕದವಳು, ಎಂದುಕೊಂಡೆ.

ವಿಜಯಾ ತಡವರಿಸಿದಳು. "ಇದರ ಪ್ರಕಾರ ನಿಮ್ಮ ಮನಸ್ಸು ಆರಾಮ ಐತಿ."

"ನಾ ಹೇಳಿರಲಿಲ್ಲೇನ್ರೀ? ರೊಟ್ಟಿ ಬಡಿಯೂದು ಬ್ಯಾಸರಾಗೇತಿ ಈಕಿಗೆ" ಎಂದ ಅಡಿವೆಪ್ಪ.

ಆಮೇಲೆ ಮೂರು ವಾರ ಆಕೆ ಅದೇ ಹೊತ್ತಿಗೆ ಬಂದಳು, ಅದೇ ಅಂಕಿ ಬಂತು. ಕೆಳಗೆ ಆಕೆ ಎದೆ ಹಿಡಿದು ಕೂತಾಗಲೆಲ್ಲ ಗಂಡ "ಮಷೀನೇ ಹೇಳೇತಿ, ಏಳು" ಎಂದು ಗದರುವುದು ಮಹಡಿಗೂ ಕೇಳುತ್ತಿತ್ತು. ಕಡೆಕಡೆಗೆ ಆಕೆಗೇ ತನ್ನ ಮೇಲೆ ಅನುಮಾನ ಹುಟ್ಟಿತು. "ನನಗ ಹುಚ್ಚ ಹಿಡದೈತೇನ್ರೀ?" ಎಂದು ಕೇಳಿದಳು.

ಐದನೆಯ ವಾರ ಅಮಾವಾಸ್ಯೆಗೆಂದು ಖಾನಾವಳಿ ಮುಚ್ಚಿತ್ತು. ಆಕೆ ಬೆಳಿಗ್ಗೆಯೇ ಬಂದಳು. ನಾನು ತೋರಿಸಿದ್ದು ಇಪ್ಪತ್ತಾರು. ವಿಜಯಾ ನನ್ನನ್ನು ತಟ್ಟಿದಳು, ಬ್ಯಾಟರಿ ಬದಲಿಸಿದಳು. ಇಪ್ಪತ್ತಾರೇ. ಆಗ ಮೊದಲ ಸಲ ಆಕೆಯ ಕೈಯನ್ನು ತಾನೇ ಹಿಡಿದು ನೋಡಿದಳು.

"ಇಷ್ಟ್ ತಣ್ಣಗ! ಇವತ್ತೇನಾತು?"

"ಇವತ್ತ ಒಲಿ ಹಚ್ಚಿಲ್ಲಲ್ರೀ. ಪ್ರತಿ ಸಲ ಹಂಚಿನ ಮುಂದಿಂದ ಎದ್ದ ಬರ್ತಿದ್ನಿ."

ವಿಜಯಾಳ ಮುಖ ಕಪ್ಪಿಟ್ಟಿತು. ಅಷ್ಟೂ ದಿನ ನಾನು ಅಳೆದದ್ದು ರೊಟ್ಟಿ ಬೇಯಿಸುವ ಹಂಚಿನ ಕಾವು. ಆಕೆ ಅಡಿವೆಪ್ಪನನ್ನು ಕರೆಸಿ, ತಪ್ಪು ತನ್ನದು, ಇದು ನಾಟಕವಲ್ಲ, ಆತಂಕದ ಕಾಯಿಲೆ ಎಂದು ಬಿಡಿಸಿ ಹೇಳಿದಳು. ಅವನು ನನ್ನ ಅಂಕಿಯನ್ನು ಬಗ್ಗಿ ನೋಡಿ, "ಹಂಗಾರ ಖರೇನ ಐತಿ" ಎಂದ.

"ಮಷೀನ್ ಅಂದ ಮ್ಯಾಲೆ ಖರೇ ಆತು" ಎಂದಳು ಶಿವಗಂಗವ್ವ. "ನಾ ಅಂದಾಗ ಯಾಕ ಆಗಲಿಲ್ಲ?"



ಕೆಲವು ತಿಂಗಳಲ್ಲಿ ಆಕೆ ಉಸಿರಾಟ ಕಲಿತಳು. ಹೆದರಿಕೆ ಪೂರ್ತಿ ಹೋಗಲಿಲ್ಲ, ಹತೋಟಿಗೆ ಬಂತು. ಈಗ ನನ್ನ ಬಾಯಿ ಸಡಿಲವಾಗಿದೆ, ಕಪಾಟಿನ ಮೂಲೆಯಲ್ಲಿ ಬಿದ್ದಿದ್ದೇನೆ. ಬೆರಳು ಬಿಸಿಯಿದೆ ಎಂದು ನಾನು ಹೇಳಿದ್ದು ಸುಳ್ಳಲ್ಲ. ಆದರೂ ಆ ನಿಜವನ್ನು ಹಿಡಿದುಕೊಂಡು ಒಬ್ಬ ಹೆಂಗಸನ್ನು ನಾಲ್ಕು ವಾರ ಸುಳ್ಳುಗಾತಿ ಮಾಡಿದೆವು. ಅದನ್ನು ನೆನೆದರೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.